‘ಮಸಾಜ್’ ಅಂತ ಬರೆದ ಒಂದು ಸಾಲು

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ. 2024ರ ನವೆಂಬರಿನಲ್ಲಿ ಅಡಿಕೆ ಗೊನೆ ಇಳಿಸಿದ ಮೇಲೆ ಸುಲಿಯೋದಕ್ಕೆ ಜನ ಸಿಗಲಿಲ್ಲ. ಹಸಿ ಅಡಿಕೆ ಕಾಯುವುದಿಲ್ಲವಲ್ಲ. ಅತ್ತೆ, ನಾನು, ಪಕ್ಕದ ಮನೆಯ ಇಬ್ಬರು ಸೇರಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಕತ್ತಿ ಮುಂದೆ ಕೂತು ಸುಲಿದೆವು. ಹಾಗೆ ಮೂರು ವಾರ. ಒಂದು ಬೆಳಿಗ್ಗೆ ಬೇಯಿಸಿದ ಅಡಿಕೆಯ ಬುಟ್ಟಿ ಎತ್ತಲು ಬಗ್ಗಿದವಳು ಮೇಲೇಳಲಿಲ್ಲ. ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಕಾದ ಸರಳು ಎಳೆದ ಹಾಗಾಯಿತು. ಅಂಗಳದಲ್ಲೇ ಕೂತುಬಿಟ್ಟೆ.

ಮೊದಲು ತೋರಿಸಿದ್ದು ಶಿವಮೊಗ್ಗದ ಮೂಳೆ ಡಾಕ್ಟರಿಗೆ. ಎಂಆರ್‌ಐ ಮಾಡಿಸಿದರು. ಸೊಂಟದ ಕೆಳಗಿನ ಎಲ್5 ಮತ್ತು ಎಸ್1 ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ಎಡಗಡೆಯ ನರವನ್ನು ಒತ್ತುತ್ತಿದೆ, ಆಪರೇಷನ್ ಮಾಡುವಂಥದ್ದಲ್ಲ, ಮಾತ್ರೆ ತಗೊಳ್ಳಿ, ಫಿಸಿಯೋಥೆರಪಿ ಮಾಡಿಸಿ ಅಂದರು. ಆರು ವಾರ ಎರಡನ್ನೂ ಮಾಡಿದೆ. ಮಾತ್ರೆ ನುಂಗಿದಾಗ ನೋವು ಹಿಂದೆ ಸರಿಯುತ್ತಿತ್ತು, ಬಿಟ್ಟರೆ ಮತ್ತೆ ಅಲ್ಲಿಗೇ. ರಾತ್ರಿ ಮಗ್ಗುಲು ಬದಲಿಸಬೇಕಾದರೆ ನಮ್ಮನೆಯವರು ಎದ್ದು ಹಿಡಿಯಬೇಕಿತ್ತು.

ಆಯುರ್ವೇದ ಆಸ್ಪತ್ರೆಗೆ ಹೋಗೋಣ ಅಂದಿದ್ದು ಅತ್ತೆ. ಮಗ ಹುಟ್ಟಿದಾಗ ಬಚ್ಚಲು ಮನೆಯಲ್ಲಿ ಕೂರಿಸಿ, ಮೈಗೆ ಎಣ್ಣೆ ತಿಕ್ಕಿ, ಲಕ್ಕಿ ಸೊಪ್ಪು ಹಾಕಿ ಕುದಿಸಿದ ಹಂಡೆ ನೀರು ಹೊಯ್ದು ನನ್ನ ಬೆನ್ನನ್ನು ನೇರ ಮಾಡಿದ್ದು ಅವರೇ. “ಇದು ಮನೇಲಿ ಆಗೋ ಕೆಲಸ ಅಲ್ಲ ಮಾರಾಯ್ತಿ, ತಿಳಿದವರ ಕೈಗೇ ಕೊಡಬೇಕು” ಅಂದರು. ಮನೆಯಲ್ಲಿ ತಿಕ್ಕುವುದಕ್ಕೂ ತಿಳಿದವರ ಕೈಗೆ ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಅತ್ತೆ ಒಂದೇ ಮಾತಿನಲ್ಲಿ ಹೇಳಿದ್ದರು. ಅದೇ ಮಾತನ್ನು ವಿಮಾ ಕಂಪನಿಗೆ ಕಾಗದದ ಮೇಲೆ ಒಪ್ಪಿಸಲು ನನಗೆ ಒಂಬತ್ತು ತಿಂಗಳು ಹಿಡಿಯಿತು.

ಶಿವಮೊಗ್ಗದ ಆ ಆಸ್ಪತ್ರೆಯ ಡಾಕ್ಟರು ನನ್ನನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚದೆ ಎಡಗಾಲನ್ನು ನಿಧಾನ ಎತ್ತಿದರು. 30 ಡಿಗ್ರಿಗೇ ಕೂಗಿಕೊಂಡೆ. ಕೇಸ್ ಶೀಟಿನಲ್ಲಿ ‘ಗೃಧ್ರಸಿ’ ಅಂತ ಬರೆದರು. ನಾವು ಸಯಾಟಿಕಾ ಅನ್ನುತ್ತೇವಲ್ಲ, ಅದೇ. ಹದಿನಾಲ್ಕು ದಿನ ಅಡ್ಮಿಟ್ ಆಗಬೇಕು ಅಂದರು. ವಿನೋಬನಗರದಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ, ಅಲ್ಲಿದ್ದುಕೊಂಡು ದಿನಾ ಬಂದು ಹೋಗಲಾ ಎಂದು ಕೇಳಿದೆ. ಡಾಕ್ಟರು ಒಪ್ಪಲಿಲ್ಲ. ಬಸ್ತಿ ಅಂದರೆ ಗುದದ್ವಾರದ ಮೂಲಕ ಔಷಧಿ ಒಳಗೆ ಬಿಡುವುದು; ಎಣ್ಣೆಯ ಬಸ್ತಿ ಒಂದು ದಿನ, ಕಷಾಯದ ಬಸ್ತಿ ಒಂದು ದಿನ, ಹೀಗೆ ಎಂಟು ದಿನದ ‘ಯೋಗ ಬಸ್ತಿ’ ಕೊಡಬೇಕು, ಕೊಟ್ಟ ಮೇಲೆ ಗಮನಿಸುತ್ತಿರಬೇಕು, ಆಟೋದಲ್ಲಿ ಕುಲುಕಿಕೊಂಡು ಹೋಗುವ ಸೊಂಟ ಇದಲ್ಲ ಅಂದರು. ಅಂದು ಅವರು ಹಟ ಹಿಡಿಯದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಮ್ಮಲ್ಲಿ ಬಹುತೇಕ ಆರೋಗ್ಯ ವಿಮೆಗಳು ಆಯುರ್ವೇದಕ್ಕೆ ದುಡ್ಡು ಕೊಡುವುದು ರೋಗಿ ಕನಿಷ್ಠ 24 ಗಂಟೆ ಒಳರೋಗಿಯಾಗಿದ್ದರೆ ಮಾತ್ರ. ದಿನಾ ಹೋಗಿ ಎಣ್ಣೆ ಹಚ್ಚಿಸಿಕೊಂಡು ಬಂದರೆ, ನೋವು ಎಷ್ಟೇ ಇರಲಿ, ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಜಾಗವಿಲ್ಲ.

ನಮ್ಮನೆಯವರ ಅಕ್ಕನ ಮಗಳು ಕೆನಡಾದ ಟೊರೊಂಟೊದಲ್ಲಿದ್ದಾಳೆ. ಫೋನಿನಲ್ಲಿ ಇದನ್ನು ಹೇಳಿದಾಗ ಅವಳಿಗೆ ಆಶ್ಚರ್ಯ. ಅವರ ಒಂಟಾರಿಯೊ ಪ್ರಾಂತ್ಯದಲ್ಲಿ ಮಸಾಜ್ ಥೆರಪಿ ಮಾಡುವವರಿಗೆ ಕಾನೂನಿನ ಪ್ರಕಾರ ನೋಂದಣಿ ಇದೆ. ಅವಳ ಕಂಪನಿ ಕೊಟ್ಟಿರುವ ವಿಮೆಯಲ್ಲಿ ವರ್ಷಕ್ಕೆ ಇಷ್ಟು ಅಂತ ಮಿತಿ ಇಟ್ಟಿದ್ದಾರೆ. ನೋಂದಾಯಿತರ ಕೈಯಲ್ಲಿ ಮಾಡಿಸಿಕೊಂಡು ರಸೀದಿ ಕಳಿಸಿದರೆ ಆಯಿತು, ಹಾಸಿಗೆ ಬೇಕಿಲ್ಲ. ಅಲ್ಲಿ ಕೇಳುವುದು ತಿಕ್ಕಿದವರು ಯಾರು ಎಂದು. ಇಲ್ಲಿ ಕೇಳುವುದು ಮಲಗಿದ್ದು ಎಲ್ಲಿ, ಎಷ್ಟು ಹೊತ್ತು ಎಂದು. ಇದು ಮೊದಲೇ ಗೊತ್ತಿದ್ದರೆ ಇನ್ನೂ ಎಷ್ಟೋ ಜನ ತಮ್ಮ ಕಾಗದ ಸರಿಯಾಗಿ ಇಟ್ಟುಕೊಳ್ಳುತ್ತಿದ್ದರು ಅನ್ನಿಸುತ್ತದೆ.

ನಮ್ಮ ಪಾಲಿಸಿ 2021ರ ನವೆಂಬರಿನಲ್ಲಿ ಮಾಡಿಸಿದ್ದು. ಡಿಸ್ಕ್ ತೊಂದರೆಯಂಥವಕ್ಕೆ ಎರಡು ವರ್ಷ ಕಾಯಬೇಕು ಎಂಬ ಷರತ್ತು ಅದರಲ್ಲಿತ್ತು, ಅದು ದಾಟಿತ್ತು. ಆಯುಷ್ ಚಿಕಿತ್ಸೆ, ಅಂದರೆ ಆಯುರ್ವೇದ, ಹೋಮಿಯೋಪತಿಯಂಥವು, ವಿಮಾ ಮೊತ್ತದವರೆಗೆ ಎಂದು ಬರೆದಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರ ಜನವರಿ 31ರ ಸುತ್ತೋಲೆಯಲ್ಲಿ ಆಯುಷ್ ಚಿಕಿತ್ಸೆಯನ್ನು ಉಳಿದ ಚಿಕಿತ್ಸೆಗಳಿಗೆ ಸಮನಾಗಿ ನೋಡಬೇಕು, 2024ರ ಏಪ್ರಿಲ್ 1ರೊಳಗೆ ಅದಕ್ಕೆ ಸಿದ್ಧರಾಗಬೇಕು ಎಂದು ಕಂಪನಿಗಳಿಗೆ ಹೇಳಿದೆ. ಇದನ್ನು ನನಗೆ ಹೇಳಿದ್ದು ಅದೇ ಡಾಕ್ಟರು. ಹಾಗಾಗಿ ನಿಶ್ಚಿಂತೆಯಿಂದ 2025ರ ಜನವರಿ 13ರಂದು ಅಡ್ಮಿಟ್ ಆದೆ.

ವಿಮೆ ಡೆಸ್ಕಿನ ಹುಡುಗ ಕ್ಯಾಶ್‌ಲೆಸ್ ಅನುಮತಿಯ ಫಾರ್ಮ್ ತುಂಬಿದ. ಚಿಕಿತ್ಸೆಯ ವಿವರ ಬರೆಯಲು ಅದರಲ್ಲಿ ಇದ್ದದ್ದು ಒಂದೇ ಸಾಲಿನ ಜಾಗ. ಅದರಲ್ಲಿ ಅವನು ಇಂಗ್ಲಿಷಿನಲ್ಲಿ ಬರೆದದ್ದು ‘ಆಯಿಲ್ ಮಸಾಜ್ ಆ್ಯಂಡ್ ರಿಜುವನೇಷನ್’, ಅಂದರೆ ಎಣ್ಣೆ ಮಸಾಜ್ ಮತ್ತು ಪುನಶ್ಚೇತನ. ಓದಿ ನಾನೂ ಸಹಿ ಹಾಕಿದೆ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಉತ್ತರ ಅಷ್ಟರಲ್ಲೇ ಬಂತು: ಅನುಮತಿ ಇಲ್ಲ. ಕ್ಯಾಶ್‌ಲೆಸ್ ಇಲ್ಲ ಅಂದರೆ ಕ್ಲೇಮೇ ಇಲ್ಲ ಅಂತಲ್ಲ, ಮೊದಲು ನೀವೇ ಕಟ್ಟಿ ಆಮೇಲೆ ಮರುಪಾವತಿ ಕೇಳಬಹುದು ಎಂದು ಹುಡುಗ ಸಮಾಧಾನ ಹೇಳಿದ. ಅದು ನಿಜವೂ ಹೌದು.

ಆ ಹದಿನಾಲ್ಕು ದಿನಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೆಳಿಗ್ಗೆ ಏಳಕ್ಕೆ ಥೆರಪಿಸ್ಟ್ ಬರುತ್ತಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಸೊರಬದ ಕಡೆಯವರು. ನಾನು ಅಕ್ಕ ಅಂತಿದ್ದೆ, ಅವರು ನನ್ನನ್ನು ತಂಗಿ ಅಂತಿದ್ದರು. ಮೊದಲು ಬಿಸಿ ಎಣ್ಣೆಯ ಅಭ್ಯಂಗ. ಅವರ ಕೈ ನನ್ನ ಸೊಂಟದ ಮೇಲೆ ಬಂದ ಕೂಡಲೇ ನೋವಿನ ಜಾಗ ಅದಕ್ಕೆ ತಿಳಿಯುತ್ತಿತ್ತು. ಅಲ್ಲಿಗೆ ಬಂದಾಗ ಭಾರ ಕಮ್ಮಿ ಮಾಡಿ, ಪಕ್ಕದಿಂದ ಸುತ್ತಿಕೊಂಡು ಹೋಗುತ್ತಿದ್ದರು. ಆಮೇಲೆ ಎಲೆಕಿಳಿ: ಲಕ್ಕಿ, ಎಕ್ಕ, ಹರಳು, ನುಗ್ಗೆ ಸೊಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಎಣ್ಣೆಯಲ್ಲಿ ಬಿಸಿ ಮಾಡಿ ಒತ್ತುವುದು. ಎಲ್ಲಾ ನಮ್ಮ ಬೇಲಿ ಸಾಲಿನ ಸೊಪ್ಪೇ. ಆ ವಾಸನೆಗೆ ಕಣ್ಣು ಮುಚ್ಚಿದರೆ ನಮ್ಮ ಬಚ್ಚಲು ಮನೆಯಲ್ಲೇ ಇದ್ದ ಹಾಗೆ.

ಮೂರನೆಯ ದಿನದಿಂದ ಕಟಿ ಬಸ್ತಿ. ಹೆಸರು ಬಸ್ತಿಯಾದರೂ ಇದು ಮೈ ಹೊರಗೇ ಮಾಡುವಂಥದ್ದು. ಉದ್ದಿನ ಹಿಟ್ಟನ್ನು ಹಪ್ಪಳದ ಹಿಟ್ಟಿನ ಹದಕ್ಕೆ ನಾದಿ, ಸೊಂಟದ ಮೇಲೆ ಬಳೆಯಂತೆ ಕಟ್ಟೆ ಕಟ್ಟಿ, ಸೋರದ ಹಾಗೆ ಅಂಚು ಒತ್ತಿ, ಒಳಗೆ ಬಿಸಿ ತೈಲ ಹೊಯ್ಯುತ್ತಿದ್ದರು. ಆರುತ್ತ ಬಂದ ಹಾಗೆ ಹತ್ತಿಯಲ್ಲಿ ಹೀರಿ ತೆಗೆದು ಮತ್ತೆ ಬಿಸಿಯದನ್ನು ಹೊಯ್ಯುವುದು, ಅರ್ಧ ಗಂಟೆಗೂ ಮೇಲೆ. ಪ್ರತಿ ಸಲ ಹೊಯ್ಯುವ ಮುಂಚೆ ತಮ್ಮ ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿಕೊಳ್ಳುತ್ತಿದ್ದರು. ಸಂಕ್ರಾಂತಿ ನನಗೆ ಆಸ್ಪತ್ರೆಯಲ್ಲೇ ಆಯಿತು. ಅಂದು ಅವರೇ ಎಳ್ಳು ಬೆಲ್ಲ ತಂದುಕೊಟ್ಟಿದ್ದರು.

ಎಲ್ಲಾ ಮುಗಿದ ಮೇಲೆ ಕೈ ಒರೆಸಿಕೊಂಡು, ಬಾಗಿಲ ಹಿಂದೆ ತೂಗುಹಾಕಿದ ಹಾಳೆ ತೆಗೆದು ಬರೆಯುತ್ತಿದ್ದರು. ಯಾವ ತೈಲ, ಎಷ್ಟು ಮಿಲಿ, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಿತು, ನೋವು ಹತ್ತರಲ್ಲಿ ಎಷ್ಟು. ಕನ್ನಡದಲ್ಲಿ, ದುಂಡನೆಯ ಅಕ್ಷರದಲ್ಲಿ. ಕೊನೆಗೆ ಸಹಿ. “ದಿನಾ ಬರೀತೀರಲ್ಲ ಅಕ್ಕ, ಯಾರು ಓದ್ತಾರೆ?” ಅಂತ ಒಂದು ದಿನ ಕೇಳಿದೆ. “ಓದ್ತಾರೋ ಬಿಡ್ತಾರೋ ತಂಗಿ, ಮಾಡಿದ್ದನ್ನ ಬರೀಬೇಕು” ಅಂದರು.

ಬಿಡುಗಡೆಯಾದ ಜನವರಿ 27ರಂದು ಡಾಕ್ಟರು ಮತ್ತೆ ಕಾಲೆತ್ತಿ ನೋಡಿದರು. 70 ಡಿಗ್ರಿವರೆಗೆ ಬಂತು. ನೋವು ಪೂರಾ ಹೋಗಿರಲಿಲ್ಲ, ಆದರೆ ನಾನೇ ಎದ್ದು, ನಾನೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಬಿಲ್ 61,480 ರೂಪಾಯಿ: ರೂಮಿಗೆ 16,800, ಚಿಕಿತ್ಸಾ ಕ್ರಮಗಳಿಗೆ 28,600, ಔಷಧಿಗೆ 9,350, ಡಾಕ್ಟರ ಫೀಸು 5,600, ರಕ್ತಪರೀಕ್ಷೆಗೆ 1,130. ಅಡಿಕೆ ಮಾರಿ ಗೊಬ್ಬರಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ಕಟ್ಟಿದೆವು.

ಫೆಬ್ರವರಿ 8ರಂದು ಮರುಪಾವತಿಗೆ ಎಲ್ಲಾ ಕಳಿಸಿದೆ. ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲುಗಳು, ಎಂಆರ್‌ಐ ವರದಿ, ಆಸ್ಪತ್ರೆಯ ನೋಂದಣಿ ಪತ್ರ, ರದ್ದು ಮಾಡಿದ ಚೆಕ್ಕು. ಎಲ್ಲದರ ನಕಲನ್ನೂ ಇಟ್ಟುಕೊಂಡೆ. ಮಾರ್ಚ್ 17ಕ್ಕೆ ಇಮೇಲ್ ಬಂತು. ಕ್ಲೇಮ್ ತಿರಸ್ಕರಿಸಿದೆ. ಎರಡು ಕಾರಣ: ವಿಶ್ರಾಂತಿಗಾಗಿ, ಪುನಶ್ಚೇತನಕ್ಕಾಗಿ ಆದ ದಾಖಲಾತಿ ಇದು ಎಂದು ಒಂದು. ಸ್ಪಾ, ಪ್ರಕೃತಿ ಚಿಕಿತ್ಸಾಲಯದಂಥ ಕಡೆ ಪಡೆದ ಆರೈಕೆ ಎಂದು ಇನ್ನೊಂದು. ಪಾಲಿಸಿಯ ಹೊರಗಿಡುವಿಕೆಗಳ ಪಟ್ಟಿಯಲ್ಲಿ 5 ಮತ್ತು 13ನೇ ಸಂಕೇತ. ಇವೆರಡೂ ಎಲ್ಲಾ ಕಂಪನಿಗಳ ಪಾಲಿಸಿಯಲ್ಲೂ ಒಂದೇ ಸಂಖ್ಯೆಯಲ್ಲಿ, ಒಂದೇ ಮಾತಿನಲ್ಲಿ ಇರುತ್ತವೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದುಡ್ಡಿನ ಚಿಂತೆಗಿಂತ ಹೆಚ್ಚಾಗಿ, ಮಗ್ಗುಲು ಬದಲಿಸಲಾರದೆ ಅತ್ತವಳನ್ನು ಆರಾಮಕ್ಕೆ ಹೋಗಿ ಮಲಗಿದವಳು ಅಂತ ಬರೆದಿದ್ದರಲ್ಲ, ಅದು ಚುಚ್ಚುತ್ತಿತ್ತು. ಆರೋಗ್ಯವಾಗಿರುವವರು ಮೈ ಹಗುರವಾಗಲಿ ಅಂತ ಎಣ್ಣೆ ಹಚ್ಚಿಸಿಕೊಂಡರೆ ಅದಕ್ಕೆ ವಿಮೆ ಕೊಡಬೇಕು ಅಂತ ನಾನೂ ಹೇಳುವುದಿಲ್ಲ. ಎಲ್ಲರೂ ಕಟ್ಟಿದ ದುಡ್ಡು ಅದು, ರೋಗಕ್ಕೇ ಸಿಗಬೇಕು. ಆದರೆ ನನ್ನದು ರೋಗವೇ ಆಗಿತ್ತು. ಎಂಆರ್‌ಐ ಚಿತ್ರದಲ್ಲಿ ಕಾಣುತ್ತಿತ್ತು.

ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಫಾರ್ಮ್ ತರಿಸಿ ನೋಡಿದರು. ಆ ಹುಡುಗನ ಮುಖ ಸಪ್ಪಗಾಯಿತು. ಅವನನ್ನು ದೂರುವ ಮನಸ್ಸು ನನಗೆ ಬರಲಿಲ್ಲ. ಒಂದು ಸಾಲಿನಲ್ಲಿ ಬರೆ ಅಂದರೆ ಎಲ್ಲರಿಗೂ ಅರ್ಥವಾಗುವ ಪದವನ್ನೇ ತಾನೇ ಬರೆಯೋದು? ಆದರೆ ‘ಮಸಾಜ್’ ಅಂದ ಕೂಡಲೇ ದೂರದ ಕಚೇರಿಯಲ್ಲಿ ಕೂತವರ ಕಣ್ಣಿಗೆ ಬಂದದ್ದು ರೆಸಾರ್ಟು. ಗೃಧ್ರಸಿ, ಡಿಸ್ಕ್, ನರ, ಬಸ್ತಿ ಯಾವುದೂ ಆ ಸಾಲಿನಲ್ಲಿ ಇರಲಿಲ್ಲ.

ಡಾಕ್ಟರು ಎರಡು ಪುಟದ ಪತ್ರ ಬರೆದುಕೊಟ್ಟರು. ರೋಗ ಇದು, ಎಂಆರ್‌ಐಯಲ್ಲಿ ಕಂಡದ್ದು ಇದು, ಆರು ವಾರ ಹೊರರೋಗಿಯಾಗಿ ಔಷಧಿ ತಗೊಂಡೂ ಕಡಿಮೆಯಾಗಿಲ್ಲ, ಕಾಲೆತ್ತುವ ಪರೀಕ್ಷೆಯಲ್ಲಿ ಸೇರುವಾಗ ಇಷ್ಟು, ಬಿಡುವಾಗ ಇಷ್ಟು. ಅಭ್ಯಂಗ ಮತ್ತು ಸ್ವೇದನ (ಶಾಖ ಕೊಟ್ಟು ಬೆವರಿಸುವುದು) ಬಸ್ತಿಗೆ ಮುಂಚೆ ಮಾಡಲೇಬೇಕಾದ ಪೂರ್ವಕರ್ಮ, ಅದೇ ಒಂದು ಚಿಕಿತ್ಸೆ ಎಂದು ಬೇರೆ ಮಾಡಿ ನೋಡುವಂಥದ್ದಲ್ಲ. ದಾಖಲಾಗಿಯೇ ಮಾಡಬೇಕಾದ ಕಾರಣ ಇವು. ಪತ್ರದಲ್ಲಿ ‘ಪುನಶ್ಚೇತನ’ ಎಂಬ ಪದ ಎಲ್ಲೂ ಇರಲಿಲ್ಲ, ಯಾಕಂದರೆ ನನಗೆ ಮಾಡಿದ್ದು ಅದಾಗಿರಲಿಲ್ಲ.

ಆ ಪತ್ರ ಲಗತ್ತಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮಾರ್ಚ್ 24ರಂದು ದೂರು ಕಳಿಸಿದೆ. ಹದಿನಾಲ್ಕು ದಿನಕ್ಕೆ ಉತ್ತರ ಬಂತು: ಹಿಂದಿನ ತೀರ್ಮಾನವೇ ಸರಿ. ಪತ್ರ ಓದಿದ ಗುರುತು ಆ ಉತ್ತರದಲ್ಲಿ ಇರಲಿಲ್ಲ.

ಬಿಟ್ಟುಬಿಡೋಣ ಅಂದರು ನಮ್ಮನೆಯವರು. ಕೋರ್ಟು ಕಚೇರಿ ಅಲೆಯೋದು ಬೇಡ ಅಂತ ಅವರ ಕಾಳಜಿ. ತೀರ್ಥಹಳ್ಳಿಯ ಸೊಸೈಟಿಯಲ್ಲಿ ಕೆಲಸ ಮಾಡುವ ನಮ್ಮ ಭಾವ ಆಗ ಹೇಳಿದ್ದು ವಿಮಾ ಲೋಕಪಾಲರ ಬಗ್ಗೆ. ಜನ ಒಂಬುಡ್ಸ್‌ಮನ್ ಅನ್ನೋದು ಅವರನ್ನೇ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಆದರೆ ಅಲ್ಲಿಗೆ ಹೋಗಬೇಕಾಗಿಯೇ ಇಲ್ಲ, ಆನ್‌ಲೈನಿನಲ್ಲೇ ದೂರು ಕೊಡಬಹುದು. ಫೀಸು ಒಂದು ರೂಪಾಯಿಯೂ ಇಲ್ಲ. ವಕೀಲರನ್ನು ಇಡುವ ಹಾಗೇ ಇಲ್ಲ, ನಮ್ಮ ಮಾತು ನಾವೇ ಆಡಬೇಕು. 50 ಲಕ್ಷ ರೂಪಾಯಿವರೆಗಿನ ತಕರಾರು ನೋಡುತ್ತಾರೆ. ಮೊದಲು ಕಂಪನಿಗೆ ಬರೆದಿರಬೇಕು, ಅವರು ಒಪ್ಪದಿದ್ದರೆ ಅಥವಾ ಒಂದು ತಿಂಗಳು ಉತ್ತರವನ್ನೇ ಕೊಡದಿದ್ದರೆ ಇಲ್ಲಿಗೆ ಬರಬಹುದು, ಒಂದು ವರ್ಷದೊಳಗೆ. ವಕೀಲರು ಇರುವುದಿಲ್ಲ ಅಂದ ಮೇಲೆ ನನಗೆ ಧೈರ್ಯ ಬಂತು. ನನ್ನ ಸೊಂಟದ ಬಗ್ಗೆ ನನಗಿಂತ ಚೆನ್ನಾಗಿ ಯಾರು ಹೇಳುತ್ತಾರೆ?

ಮೇ ತಿಂಗಳಲ್ಲಿ ದೂರು ಕೊಟ್ಟೆ. ಅದಕ್ಕೆ ಮುಂಚೆ ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು. ಆಯುಷ್ ಆಸ್ಪತ್ರೆ ಎಂದರೇನು ಎಂಬ ವ್ಯಾಖ್ಯೆ ಅದರಲ್ಲೇ ಇತ್ತು: ಕನಿಷ್ಠ ಐದು ಒಳರೋಗಿ ಹಾಸಿಗೆ, ಹಗಲೂ ರಾತ್ರಿ ಅರ್ಹ ಆಯುಷ್ ವೈದ್ಯರು, ಚಿಕಿತ್ಸೆಗೆ ಬೇರೆಯದೇ ವಿಭಾಗ, ರೋಗಿಗಳ ದಿನದಿನದ ದಾಖಲೆ. ಕೊನೆಯ ಮಾತು ಓದಿದಾಗ ಬಾಗಿಲ ಹಿಂದಿನ ಹಾಳೆ ನೆನಪಾಯಿತು. ಮರುದಿನವೇ ಶಿವಮೊಗ್ಗದ ಬಸ್ಸು ಹತ್ತಿದೆ. ಮಂಡಗದ್ದೆ ದಾಟುವಾಗ ತುಂಗೆಯಲ್ಲಿ ನೀರು ತಳ ಕಂಡಿತ್ತು. ಅರವತ್ತು ಕಿಲೋಮೀಟರು ಕೂತು ಹೋದರೂ ಸೊಂಟ ಹಿಡಿಯಲಿಲ್ಲ. ಅರ್ಜಿ ಬರೆದುಕೊಟ್ಟು ಒಳರೋಗಿ ದಾಖಲೆಯ ಪೂರ್ತಿ ಪ್ರತಿ ಪಡೆದೆ. ಹದಿನಾಲ್ಕು ದಿನಕ್ಕೆ ಹದಿನಾಲ್ಕು ಹಾಳೆ. ಒಂದೂ ತಪ್ಪಿರಲಿಲ್ಲ.

ವಿಚಾರಣೆ ಆಗಸ್ಟಿನಲ್ಲಿ, ವಿಡಿಯೋ ಕಾಲ್ ಮೂಲಕ. ಮಳೆ ಹೊಡೆದು ನಮ್ಮೂರಲ್ಲಿ ಮೂರು ದಿನದಿಂದ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಹಿಂದಿನ ದಿನವೇ ತೀರ್ಥಹಳ್ಳಿಯ ಭಾವನ ಮನೆಗೆ ಹೋಗಿ ಉಳಿದೆ. ಕಂಪನಿಯ ಕಡೆಯವರು ಮೊದಲು ಮಾತಾಡಿದರು. ಇದು ಎಣ್ಣೆ ಹಚ್ಚುವ ಚಿಕಿತ್ಸೆ, ದಾಖಲಾಗುವ ಅಗತ್ಯ ಇರಲಿಲ್ಲ, ಆಸ್ಪತ್ರೆಯೇ ಮಸಾಜ್ ಅಂತ ಬರೆದಿದೆ ಅಂದರು. ಆಮೇಲೆ ನನ್ನ ಸರದಿ. ಕೈ ನಡುಗುತ್ತಿತ್ತು. ಕನ್ನಡದಲ್ಲೇ ಹೇಳಿ ಅಂದರು ಲೋಕಪಾಲರು. ನವೆಂಬರಿನಲ್ಲಿ ಅಡಿಕೆ ಸುಲಿದದ್ದರಿಂದ ಶುರುಮಾಡಿ ಹೇಳಿದೆ. ಎಂಟು ದಿನದ ಬಸ್ತಿಯಲ್ಲಿ ಯಾವ ದಿನ ಎಣ್ಣೆ, ಯಾವ ದಿನ ಕಷಾಯ ಅಂತ ಹಾಳೆ ನೋಡಿ ಓದಿದೆ. ಆ ಹಾಳೆಗಳನ್ನು ಪರದೆ ಮೇಲೆ ತೋರಿಸಿ ಅಂದರು, ಒಂದೊಂದಾಗಿ ಹಿಡಿದೆ. ಆರನೆಯದಕ್ಕೆ ಬಂದಾಗ ಸ್ವಲ್ಪ ತಡೆಯಿರಿ ಅಂತ ಹೇಳಿ, ತಮ್ಮ ಮುಂದಿದ್ದ ಪ್ರತಿಯನ್ನು ಓದಿಕೊಂಡರು. ಕಂಪನಿಯವರಿಗೆ ಕೇಳಿದ್ದು ಒಂದೇ ಪ್ರಶ್ನೆ: ಈ ಆಸ್ಪತ್ರೆ ನಿಮ್ಮ ಪಾಲಿಸಿಯ ವ್ಯಾಖ್ಯೆಗೆ ಹೊಂದುತ್ತದೋ ಇಲ್ಲವೋ? ಹೊಂದುತ್ತದೆ ಅನ್ನಲೇಬೇಕಾಯಿತು. ಹೊಂದುತ್ತದೆ ಅಂದ ಮೇಲೆ ಅದು ಸ್ಪಾ ಆಗುವುದಿಲ್ಲವಲ್ಲ.

ಸೆಪ್ಟೆಂಬರಿನಲ್ಲಿ ಆದೇಶ ಬಂತು. ಮನೆಗೆ ಕೊಟ್ಟು ಕಳಿಸಿದ್ದ ಲೇಹ್ಯ ಮತ್ತು ಹಚ್ಚುವ ಎಣ್ಣೆಯ 4,550 ರೂಪಾಯಿ ಕಳೆದು ಉಳಿದ 56,930 ಕೊಡಬೇಕು ಎಂದು. ಆ ಕಡಿತ ನನಗೆ ಅನ್ಯಾಯ ಅನ್ನಿಸಲಿಲ್ಲ, ಲೇಹ್ಯಕ್ಕೆ ಬೇರೆ ಚೀಟಿ ಬರೆಸಿಕೊಂಡಿರಲಿಲ್ಲ. ಆದೇಶ ಸಿಕ್ಕ ಮೇಲೆ ಕಂಪನಿಗೆ 30 ದಿನದ ಗಡುವು. ಅಕ್ಟೋಬರಿನಲ್ಲಿ ಖಾತೆಗೆ ಬಿತ್ತು. ನವೆಂಬರಿನಲ್ಲಿ ಪಾಲಿಸಿ ನವೀಕರಿಸಿದೆವು. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದಿದ್ದರಿಂದ ಕಂತು ಸ್ವಲ್ಪ ಇಳಿದಿತ್ತು. ಪಾಲಿಸಿಯ ಸಾರಾಂಶ ಪತ್ರವನ್ನು ನಮ್ಮ ಭಾಷೆಯಲ್ಲಿ ಕೇಳುವ ಹಕ್ಕಿದೆ ಎಂದು ಈ ನಡುವೆ ತಿಳಿದುಕೊಂಡಿದ್ದೆ. ಕೇಳಿದೆ, ಕನ್ನಡದಲ್ಲಿ ಕಳಿಸಿದರು. ಅತ್ತೆಗೆ ಓದಿ ಹೇಳಿದೆ.

ಕೊನೆಯ ಸಲದ ತಪಾಸಣೆಗೆ ಶಿವಮೊಗ್ಗಕ್ಕೆ ಹೋದಾಗ ಆದೇಶದ ಒಂದು ಪ್ರತಿಯನ್ನು ವಿಮೆ ಡೆಸ್ಕಿಗೆ ಕೊಟ್ಟೆ. ಈಗ ಆ ಒಂದು ಸಾಲಿನ ಜಾಗದಲ್ಲಿ ರೋಗದ ಹೆಸರನ್ನೇ ಮೊದಲು ಬರೆದು, ವಿವರಕ್ಕೆ ಡಾಕ್ಟರ ಪತ್ರ ಲಗತ್ತಿಸಿದೆ ಅಂತ ಸೇರಿಸುತ್ತಾನಂತೆ ಹುಡುಗ. ಆಮೇಲೆ ಥೆರಪಿ ಕೋಣೆಯ ಕಡೆ ಹೋದೆ. ಅಕ್ಕ ಯಾರಿಗೋ ಉದ್ದಿನ ಹಿಟ್ಟು ನಾದುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಕೈ ನಿಲ್ಲಿಸಿ ಕೇಳಿದರು:

“ನಾನು ಬರೆದಿದ್ದನ್ನ ಓದಿದ್ರಾ ತಂಗಿ ಅವರು?”

“ಓದಿದ್ರು ಅಕ್ಕ. ಆರನೇ ದಿನದ್ದನ್ನ ಎರಡೆರಡು ಸಲ ಓದಿದ್ರು.”

“ಅವತ್ತು ನೋವು ಏಳರಿಂದ ನಾಲ್ಕಕ್ಕೆ ಇಳಿದಿತ್ತು” ಅಂದರು. ಹಾಳೆ ನೋಡದೆಯೇ.